ಒಂದನೇ ನಂಬರಿನ ಆರ್ಡರು

ಸೌಮ್ಯಶ್ರೀ ಮಾಡಿದ ತಪ್ಪನ್ನು ಬೇರೆ ಯಾವ ಮನೆಯ ಹೆಣ್ಣುಮಗಳು ಮಾಡಿದ್ದರೂ ಅದು ತಪ್ಪೇ ಆಗುತ್ತಿರಲಿಲ್ಲ. ಹೊಸದಾಗಿ ಕಟ್ಟಿದ ಆನ್‌ಲೈನ್ ಅಂಗಡಿ ಕೆಲಸ ಮಾಡುತ್ತದೋ ಇಲ್ಲವೋ ನೋಡಬೇಕಲ್ಲ, ಅದಕ್ಕೆ ಭಾನುವಾರ ಸಂಜೆ ತನ್ನ ಮೊಬೈಲಿನಿಂದಲೇ ಒಂದು ಶಿವದಾರ ಕೊಂಡಳು. ಅವಳ ಖಾತೆಯಿಂದ ದುಡ್ಡು ಹೋಯಿತು, ಅಂಗಡಿಯ ಖಾತೆಗೆ ದುಡ್ಡು ಬಂತು. ಪರದೆಯ ಮೇಲೆ ‘ಧನ್ಯವಾದಗಳು, ನಿಮ್ಮ ಆರ್ಡರ್ ನಂಬರ್ 1’ ಎಂದು ಹಸಿರು ಅಕ್ಷರ ಮೂಡಿತು. ಒಂದು ಗಳಿಗೆ ತಾನೊಬ್ಬಳೇ ಕೂತು ನಕ್ಕಳು. ಆಮೇಲೆ ಆ ಒಂದನ್ನು ಇನ್ನೊಮ್ಮೆ ಓದಿದಳು, ನಗು ನಿಂತಿತು.

ಆ ಒಂದು ಅವಳದ್ದಾಗಬಾರದಿತ್ತು. ಅದು ಜಗದಾಂಬಮ್ಮನವರದ್ದಾಗಬೇಕಿತ್ತು.

ಯಾಕೆ ಅಂತೀರಾ? ಬಸವೇಶ್ವರನಗರದ ಮುಖ್ಯರಸ್ತೆಯಲ್ಲಿ ಸೌಮ್ಯಶ್ರೀಯ ಮಾವ ರೇವಣಸಿದ್ದಯ್ಯನವರದ್ದೊಂದು ಅಂಗಡಿ. ಕೆಳಗೆ ಅಂಗಡಿ, ಮೇಲೆ ಮನೆ. ವಿಭೂತಿ ಗಟ್ಟಿ, ಲಿಂಗ ಇಟ್ಟುಕೊಳ್ಳುವ ಬೆಳ್ಳಿ ಕರಡಿಗೆ, ಕರಡಿಗೆಯನ್ನು ಕೊರಳಿಗೆ ಕಟ್ಟಿಕೊಳ್ಳುವ ಶಿವದಾರ, ರುದ್ರಾಕ್ಷಿ, ಧೂಪ, ಊದುಬತ್ತಿ, ಇವುಗಳ ವ್ಯಾಪಾರ. ದಾವಣಗೆರೆ ಕಡೆಯಿಂದ ಬಂದು ಇಲ್ಲಿ ಕಾಲೂರಿದವರು. ಅಂಗಡಿಯ ಗೋಡೆಯ ಮೇಲೆ ಬಸವಣ್ಣನವರ ದೊಡ್ಡ ಪಟ, ಅದರ ಕೆಳಗೆ ಅಷ್ಟೇ ದೊಡ್ಡ ಪಂಚಾಂಗದ ಕ್ಯಾಲೆಂಡರು. ದಿನ ಬೆಳಗಾದರೆ ರೇವಣಸಿದ್ದಯ್ಯನವರು ಪಟಕ್ಕೆ ಕೈ ಮುಗಿಯುತ್ತಾರೆ, ಕ್ಯಾಲೆಂಡರಿನ ಮಾತು ಕೇಳುತ್ತಾರೆ. ಇದನ್ನು ಅವರ ಮುಖಕ್ಕೆ ಹೇಳುವ ಧೈರ್ಯ ಯಾರಿಗೂ ಇಲ್ಲ. ನಾವೂ ಹೇಳುವುದು ಬೇಡ.

ಅವರಿಗೆ ಎಲ್ಲಕ್ಕಿಂತ ದೊಡ್ಡದು ಬೋಣಿ. ಯಾರ ಕೈಯಿಂದ ದಿನದ ಮೊದಲ ವ್ಯಾಪಾರ ಆಗುತ್ತದೋ ಆ ಕೈಯ ಗುಣ ಸಂಜೆಯವರೆಗೂ ಗಲ್ಲಾಪೆಟ್ಟಿಗೆಗೆ ಅಂಟಿಕೊಂಡಿರುತ್ತದೆ ಎಂಬುದು ಅವರ ನಂಬಿಕೆ. ಹೊಸ ಅಂಗಡಿಯಾದರಂತೂ ಮೊದಲ ಬೋಣಿಯ ಕೈಗುಣ ಅಂಗಡಿ ಇರುವಷ್ಟು ಕಾಲ. ವಿಜಯನಗರದಲ್ಲಿರುವ ಅವರ ಅಕ್ಕ ಜಗದಾಂಬಮ್ಮ ಕೈಗುಣಕ್ಕೆ ಹೆಸರಾದವರು. ನೆಂಟರಲ್ಲಿ ಯಾರೇ ಬೇಕರಿ ಇಡಲಿ, ಔಷಧಿ ಅಂಗಡಿ ತೆರೆಯಲಿ, ಬೆಳಿಗ್ಗೆಯೇ ಆಟೋ ಕಳಿಸಿ ಆಕೆಯನ್ನು ಕರೆಸುತ್ತಾರೆ. ಆಕೆ ಒಂದು ಬನ್ನೋ, ಒಂದು ಜ್ವರದ ಮಾತ್ರೆಯೋ ಕೊಂಡು, ಪೆಟ್ಟಿಗೆಯ ಮೇಲೆ ದುಡ್ಡಿಟ್ಟು, ಉಪ್ಪಿಟ್ಟು ಕೇಸರಿಬಾತು ತಿಂದು ಮನೆಗೆ ಹೋಗುತ್ತಾರೆ. ಅಷ್ಟೇ ಕೆಲಸ, ಅದಕ್ಕೇ ರಾಣಿಯ ಮರ್ಯಾದೆ.

ಇನ್ನು ಸೌಮ್ಯಶ್ರೀಯ ಕೈಗುಣ. ಅವಳು ರೇವಣಸಿದ್ದಯ್ಯನವರ ಒಬ್ಬನೇ ಮಗ ಬಸವಕುಮಾರನನ್ನು ಮದುವೆಯಾಗಿ ಬಂದ ಹೊಸತರಲ್ಲಿ ಕೆಂಗೇರಿ ಉಪನಗರದಲ್ಲಿ ಎರಡನೇ ಅಂಗಡಿ ತೆರೆದರು. ಬೋಣಿ ನನ್ನ ಹೆಂಡತಿಯೇ ಮಾಡಬೇಕು ಎಂದು ಬಸವಕುಮಾರ ಹಟ ಹಿಡಿದ. ಹೊಸ ಸೊಸೆ, ಮೈತುಂಬ ಒಡವೆ, ಸುತ್ತ ನೆಂಟರ ಚಪ್ಪಾಳೆ. ಅವಳು ನಾಚಿಕೊಂಡು ಒಂದು ವಿಭೂತಿ ಗಟ್ಟಿ ಕೊಂಡಳು. ಇದು ಎರಡು ಸಾವಿರದ ಇಪ್ಪತ್ತನೇ ಇಸವಿಯ ಸಂಕ್ರಾಂತಿ ಕಳೆದ ಮೇಲಿನ ಮಾತು. ಯುಗಾದಿಯ ಹೊತ್ತಿಗೆ ಲಾಕ್‌ಡೌನ್ ಬಂತು, ದಸರೆಯ ಹೊತ್ತಿಗೆ ಅಂಗಡಿ ಖಾಲಿ ಮಾಡಿ ಬೀಗದ ಕೈ ವಾಪಸು ಕೊಟ್ಟರು. ಅಲ್ಲ, ಆ ವರ್ಷ ಇಡೀ ಪ್ರಪಂಚವೇ ಬಾಗಿಲು ಹಾಕಿಕೊಂಡು ಕೂತಿತ್ತು. ಮೈಸೂರು ರಸ್ತೆಯ ಉದ್ದಕ್ಕೂ ಇಳಿದ ಶಟರುಗಳು ಮತ್ತೆ ಏಳಲಿಲ್ಲ. ಅವೆಲ್ಲ ಕೊರೋನಾದಿಂದ ಮುಚ್ಚಿದವು. ಕೆಂಗೇರಿ ಅಂಗಡಿ ಮಾತ್ರ ಸೌಮ್ಯಶ್ರೀಯ ಕೈಯಿಂದ ಮುಚ್ಚಿತು.

ಯಾರೂ ಬಾಯಿಬಿಟ್ಟು ಹಾಗೆ ಹೇಳಲಿಲ್ಲ. ಹೇಳಿದ್ದರೆ ಅವಳೂ ನಾಲ್ಕು ಮಾತು ಆಡಿ ಹಗುರಾಗುತ್ತಿದ್ದಳೋ ಏನೋ. ಮನೆಯಿಂದ ಇಳಿಯುವ ಮೆಟ್ಟಿಲು ಅಂಗಡಿಯ ಬಾಗಿಲ ಪಕ್ಕದಲ್ಲೇ ಮುಗಿಯುತ್ತದೆ. ಬೆಳಿಗ್ಗೆ ಅವಳ ಹೆಜ್ಜೆ ಸಪ್ಪಳ ಕೇಳಿದರೆ ರೇವಣಸಿದ್ದಯ್ಯನವರು ಒಳಗಿಂದ, “ಒಂಚೂರು ತಡಿಯಮ್ಮ, ಬೋಣಿ ಆಗ್ಲಿ” ಎನ್ನುತ್ತಾರೆ. ಗದರುವುದಿಲ್ಲ, ಮೆತ್ತಗೇ ಹೇಳುತ್ತಾರೆ. ಅವಳು ಮಗಳು ರಕ್ಷಾಳ ಕೈ ಹಿಡಿದು, ಸ್ಕೂಲ್ ಬ್ಯಾಗು ಹೆಗಲಿಗೇರಿಸಿ ಮೆಟ್ಟಿಲ ಮೇಲೇ ನಿಲ್ಲುತ್ತಾಳೆ. ಎದುರಿಗೆ ಶಾಲೆಯ ವ್ಯಾನು ಹಾರ್ನ್ ಹೊಡೆಯುತ್ತಿರುತ್ತದೆ. ಯಾರೋ ಪುಣ್ಯಾತ್ಮರು ಬಂದು ಒಂದು ಪೊಟ್ಟಣ ಊದುಬತ್ತಿ ಕೊಂಡರೆ ಅವಳು ಬೀದಿಗಿಳಿಯಬಹುದು. ವ್ಯಾನಿನ ಡ್ರೈವರಿಗೂ ಈಗ ಅಭ್ಯಾಸವಾಗಿದೆ.

ಇದಕ್ಕಿಂತ ಕೆಟ್ಟದ್ದೇನೆಂದರೆ ಬರಬರುತ್ತಾ ಅವಳೇ ಅದನ್ನು ಅರ್ಧ ನಂಬತೊಡಗಿದ್ದು. ತಮ್ಮ ಹೊಸ ಸ್ಕೂಟರ್ ತಂದು “ಮೊದಲ ರೌಂಡು ನೀನೇ ಹೊಡಿಯಕ್ಕ” ಎಂದಾಗ ತಲೆನೋವು ಎಂದಳು. ಎದುರುಮನೆಯ ಗೃಹಪ್ರವೇಶದಲ್ಲಿ ಹಾಲುಕ್ಕಿಸುವ ಹೊತ್ತಿಗೆ ಬೇಕೆಂದೇ ಹಿಂದೆ ಸರಿದು ಚಪ್ಪಲಿ ಬಿಡುವ ಜಾಗದಲ್ಲಿ ನಿಂತಳು. ಓದಿದವಳು, ಮದುವೆಗೆ ಮುಂಚೆ ರಾಜಾಜಿನಗರದ ಶಾಲೆಯೊಂದರಲ್ಲಿ ಮಕ್ಕಳಿಗೆ ಕಂಪ್ಯೂಟರ್ ಹೇಳಿಕೊಡುತ್ತಿದ್ದವಳು. ಆದರೇನು, ಭಯಕ್ಕೆ ಡಿಗ್ರಿ ಕಟ್ಟಿಕೊಂಡು ಏನಾಗಬೇಕು?

ಆನ್‌ಲೈನ್ ಅಂಗಡಿಯ ಯೋಚನೆ ಬಸವಕುಮಾರನದು. ಹಾವೇರಿಯಿಂದ, ವಿಜಯಪುರದಿಂದ ಫೋನು ಬರುತ್ತಿತ್ತು; ಕರಡಿಗೆ ಕೊರಿಯರ್ ಮಾಡ್ತೀರಾ, ಫೋಟೊ ಕಳಿಸ್ತೀರಾ ಎಂದು ಕೇಳುತ್ತಿದ್ದರು. “ನಾನು ಮಾಡ್ತೀನಿ” ಎಂದಳು ಸೌಮ್ಯಶ್ರೀ. ಹಾಗೆಂದ ಮೇಲೆ ಅವಳಿಗೇ ಆಶ್ಚರ್ಯವಾಯಿತು.

ಎಲ್ಲೋ ಕಣ್ಣಿಗೆ ಕಾಣದ ಊರಿನಲ್ಲಿ ಹಗಲಿರುಳು ಉರಿಯುವ ಒಂದು ಕಂಪ್ಯೂಟರಿನಲ್ಲಿ ಮೂಲೆಯೊಂದನ್ನು ಬಾಡಿಗೆಗೆ ಹಿಡಿದಳು. ಅದಕ್ಕೇ ಸರ್ವರ್ ಎನ್ನುತ್ತಾರೆ. ಅಂಗಡಿಯ ಸಾಫ್ಟ್‌ವೇರನ್ನು ಇಳಿಸಿಕೊಂಡು, ಆ ಮೂಲೆಗೆ ಏರಿಸಿ, ಬಿಚ್ಚಿ ಹರಡಿದಳು. ಮೊದಲನೇ ಸಲ ಬರಿಯ ಬಿಳಿ ಪುಟ ಬಂತು. ಎರಡನೇ ಸಲ ಡೇಟಾಬೇಸಿನ ಪಾಸ್‌ವರ್ಡು ತಪ್ಪೆಂದಿತು. ಆಮೇಲೆ ಯಾವುದೋ ಫೋಲ್ಡರಿನಲ್ಲಿ ಬರೆಯಲು ನನಗೆ ಅನುಮತಿ ಇಲ್ಲ ಎಂದು ಮುಷ್ಕರ ಹೂಡಿತು. ಒಂದೊಂದನ್ನೇ ಬಿಡಿಸಿದಳು. ಕೊನೆಗೆ ‘ಅಂಗಡಿ ಸಿದ್ಧವಾಗಿದೆ, ಇನ್‌ಸ್ಟಾಲ್ ಫೋಲ್ಡರನ್ನು ಅಳಿಸಿಹಾಕಿ, ಇಲ್ಲದಿದ್ದರೆ ಕಂಡವರೆಲ್ಲ ಒಳಗೆ ನುಗ್ಗುತ್ತಾರೆ’ ಎಂಬರ್ಥದ ಕೆಂಪು ಎಚ್ಚರಿಕೆ ಬಂದಾಗ ಅದನ್ನೂ ಅಳಿಸಿದಳು. ಕರಡಿಗೆಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ಫೋಟೊ ತೆಗೆದಳು. ಮದುವೆಯಾದ ಮೇಲೆ ಇಷ್ಟು ಖುಷಿಯಾಗಿ ಯಾವ ಕೆಲಸವನ್ನೂ ಮಾಡಿರಲಿಲ್ಲ. ಅಲ್ಲಿ ಮೊದಲು ಹೆಜ್ಜೆ ಇಡಬೇಡ ಎನ್ನುವವರು ಯಾರೂ ಇರಲಿಲ್ಲ.

ರೇವಣಸಿದ್ದಯ್ಯನವರು ಎಲ್ಲ ನೋಡಿ, ತಲೆಯಾಡಿಸಿ, ಒಂದೇ ಮಾತು ಹೇಳಿದ್ದರು. “ಕಟ್ಟೋದು ನೀನೇ ಕಟ್ಟಮ್ಮ. ಬೋಣಿ ಮಾತ್ರ ಅಕ್ಕನ ಕೈಯಲ್ಲಾಗ್ಲಿ.” ಕ್ಯಾಲೆಂಡರು ನೋಡಿ ಸೋಮವಾರ ಎಂದರು. ರಾಹುಕಾಲ ಮುಗಿದ ಮೇಲೆ, ಯಮಗಂಡಕಾಲ ಹತ್ತುವ ಮುಂಚೆ. ಆ ಸಂದಿನಲ್ಲಿ ಬೋಣಿ ಆಗಿಬಿಡಬೇಕು.

ಅಷ್ಟೆಲ್ಲ ಗೊತ್ತಿದ್ದೂ ಭಾನುವಾರ ಸಂಜೆ ಅವಳು ಶಿವದಾರ ಕೊಂಡಳಲ್ಲ, ಅದಕ್ಕೇನು ಹೇಳುವುದು. ಕೆಲಸದ ಅಮಲು. ಪರೀಕ್ಷೆ ಮಾಡದೆ ಯಾವುದನ್ನೂ ಬಿಡಬಾರದು ಎಂದು ಮಕ್ಕಳಿಗೆ ಹೇಳಿಕೊಟ್ಟವಳು, ಬೆರಳು ತಾನಾಗೇ ಒತ್ತಿಬಿಟ್ಟಿತು. ಬೋಣಿ ಎಂಬ ಮಾತು ನೆನಪಾದದ್ದು ಆ ಒಂದನ್ನು ಕಂಡ ಮೇಲೆಯೇ.

ರಾತ್ರಿ ಊಟ ಸೇರಲಿಲ್ಲ. ಬಸವಕುಮಾರನಿಗೆ ಹೇಳೋಣವೆಂದು ಎರಡು ಸಲ ಬಾಯಿ ತೆರೆದಳು. ಒಳ್ಳೆಯವನೇ, ಆದರೆ ಅಪ್ಪನ ಎದುರು ಅವನ ಒಳ್ಳೆಯತನ ಬಾಗಿಲ ಹಿಂದೆ ನಿಂತುಬಿಡುತ್ತದೆ. ಹೇಳಲಿಲ್ಲ. ಇಂಟರ್ನೆಟ್ಟಿನಲ್ಲಿ ಹುಡುಕಿದಳು. ಆರ್ಡರನ್ನು ಅಳಿಸಬಹುದು, ಆದರೆ ಎಣಿಕೆ ಹಿಂದಕ್ಕೆ ಹೋಗುವುದಿಲ್ಲ, ಮುಂದಿನದು ಎರಡೇ ಆಗುತ್ತದೆ ಎಂದು ಯಾರೋ ಬರೆದಿದ್ದರು. ಎಣಿಕೆಯೂ ಮೊದಲಿಂದ ಶುರುವಾಗಬೇಕಿದ್ದರೆ ಡೇಟಾಬೇಸಿನ ಒಳಗೇ ಕೈಹಾಕಿ ಆರ್ಡರಿನ ಕೋಷ್ಟಕಗಳನ್ನು ಖಾಲಿ ಮಾಡಬೇಕಂತೆ. ಬೆಳಿಗ್ಗೆ ಮಾಡಿದರಾಯಿತು ಎಂದು ಮಲಗಿದಳು. ನಿದ್ದೆ ಯಾರಿಗೆ ಬರಬೇಕು?

ಸೋಮವಾರ ಬೆಳಿಗ್ಗೆ ರಕ್ಷಾಳನ್ನು ವ್ಯಾನು ಹತ್ತಿಸಿ ಬಂದು ಲ್ಯಾಪ್‌ಟಾಪಿನ ಮುಂದೆ ಕೂತಾಗ ರಾಹುಕಾಲ ನಡೆಯುತ್ತಿತ್ತು. ರಾಹುಕಾಲದಲ್ಲಿ ಶುಭಕಾರ್ಯ ಮಾಡಬಾರದು, ಇದೇನು ಶುಭಕಾರ್ಯವಲ್ಲವಲ್ಲ ಎಂದು ತನಗೇ ಸಮಾಧಾನ ಹೇಳಿಕೊಂಡಳು. ಕೆಳಗೆ ಬಸವಕುಮಾರ ಬಾಗಿಲಿಗೆ ಮಾವಿನ ಸೊಪ್ಪು ಕಟ್ಟುತ್ತಿದ್ದ, ಸ್ಟೂಲು ಎಳೆಯುವ ಸದ್ದು ಕೇಳುತ್ತಿತ್ತು. ಡೇಟಾಬೇಸು ತೆರೆದಳು. ಕೋಷ್ಟಕಗಳ ಉದ್ದನೆಯ ಸಾಲು. ಆರ್ಡರಿನದು ಎನ್ನಿಸಿದವನ್ನೆಲ್ಲ ಗುರುತು ಹಾಕಿದಳು. ಕೆಳಗೆ ಎರಡು ಆಜ್ಞೆ ಪಕ್ಕಪಕ್ಕದಲ್ಲಿದ್ದವು. ಒಂದು ಕೋಷ್ಟಕವನ್ನು ಖಾಲಿ ಮಾಡುವುದು, ಇನ್ನೊಂದು ಕೋಷ್ಟಕವನ್ನೇ ಕಿತ್ತು ಬಿಸಾಡುವುದು. ಪಾತ್ರೆ ತೊಳೆಯುವುದಕ್ಕೂ ಪಾತ್ರೆಯನ್ನೇ ಬಾವಿಗೆ ಎಸೆಯುವುದಕ್ಕೂ ಇರುವಷ್ಟು ವ್ಯತ್ಯಾಸ. ಕೆಳಗಿಂದ ಮಾವನ ದನಿ ಕೇಳಿತು, “ಸೌಮ್ಯಾ, ರೆಡಿ ಇದೆಯೇನಮ್ಮ?” ಅವಳು “ಹ್ಞೂಂ ಮಾವ” ಎನ್ನುತ್ತ ಒತ್ತಿದಳು.

ಬಿಸಾಡುವುದನ್ನು ಒತ್ತಿದ್ದಳು.

ಅಂಗಡಿಯ ಪುಟ ತೆರೆದು ನೋಡಿದಳು. ಕರಡಿಗೆ ಇಲ್ಲ, ವಿಭೂತಿ ಇಲ್ಲ, ಅಂಗಡಿಯ ಹೆಸರೂ ಇಲ್ಲ. ಬಿಳಿ ಪುಟದ ತಲೆಯಲ್ಲಿ ಒಂದು ಸಾಲು ಇಂಗ್ಲಿಷು, ಅಂಥದ್ದೊಂದು ಕೋಷ್ಟಕವೇ ಇಲ್ಲ ಎಂದು. ನಿಜವಾಗಿಯೂ ನನ್ನ ಕೈಯೇ ಹೀಗೇನೋ ಎಂದು ಆ ಕೈಯನ್ನೇ ನೋಡಿಕೊಂಡಳು. ಬಳೆ, ಉಂಗುರ, ಬೆಳಗಿನ ಚಪಾತಿ ಹಿಟ್ಟಿನ ಚೂರು ಉಗುರಿನಲ್ಲಿ. ನೋಡಲು ಎಲ್ಲರ ಕೈಯಂತೆಯೇ ಇತ್ತು.

ಮಹಾಲಕ್ಷ್ಮಿ ಲೇಔಟಿನಲ್ಲಿರುವ ಗೆಳತಿ ರಾಗಿಣಿಗೆ ಫೋನು ಮಾಡಿದಳು. ಹಿಂದೆ ಇಬ್ಬರೂ ಒಂದೇ ಶಾಲೆಯಲ್ಲಿದ್ದವರು. ರಾಗಿಣಿ ಈಗ ಮನೆಯಲ್ಲೇ ಕೂತು ಜನರಿಗೆ ವೆಬ್‌ಸೈಟು ಮಾಡಿಕೊಡುತ್ತಾಳೆ.

“ಟೇಬಲ್ಸ್ ಡ್ರಾಪ್ ಮಾಡಿದ್ಯಾ?” ಎಂದಳು ರಾಗಿಣಿ. “ಯಾಕೆ ಕಣೇ ಅಲ್ಲಿಗೆ ಕೈ ಹಾಕಿದೆ? ಚೆನ್ನಾಗಿ ಓಡ್ತಿತ್ತಲ್ಲ.”

“ಒಂದ್ನೇ ನಂಬರ್ ಖಾಲಿ ಬೇಕಿತ್ತು.”

“ಯಾರಿಗೆ?”

“ನಮ್ಮನೆಯವರ ಸೋದರತ್ತೆಗೆ. ಬೋಣಿಗೆ.”

ರಾಗಿಣಿಗೆ ಕೆಂಗೇರಿಯ ಕಥೆ ಗೊತ್ತಿತ್ತು. ನಗಲಿಲ್ಲ, ಬೈಯಲೂ ಇಲ್ಲ. “ಸರ್ವರ್‌ನೋರು ದಿನಾ ಬೆಳಗಿನ ಜಾವ ಬ್ಯಾಕಪ್ ತಗೋತಾರೆ. ಕಂಟ್ರೋಲ್ ಪ್ಯಾನಲ್‌ಗೆ ಹೋಗಿ ಇವತ್ತಿಂದು ರೀಸ್ಟೋರ್ ಕೊಡು. ಎಲ್ಲ ವಾಪಸ್ ಬರುತ್ತೆ.”

“ಎಲ್ಲ ಅಂದ್ರೆ?”

“ಎಲ್ಲ ಅಂದ್ರೆ ಎಲ್ಲ. ನಿನ್ನ ಶಿವದಾರಾನೂ.”

ಬೇರೆ ದಾರಿ ಇರಲಿಲ್ಲ. ಒತ್ತಿದಳು. ಪರದೆಯ ನಡುವೆ ಒಂದು ಚಕ್ರ ತಿರುಗತೊಡಗಿತು. ಎಷ್ಟು ಹೊತ್ತು ಎಂದು ಅದು ಹೇಳಲಿಲ್ಲ. ಅವಳು ಸೀರೆ ಉಟ್ಟು ಬಂದಳು, ಚಕ್ರ ತಿರುಗುತ್ತಿತ್ತು. ಕೆಳಗೆ ಆಟೋ ನಿಂತ ಸದ್ದು, ಜಗದಾಂಬಮ್ಮನವರ ಕೆಮ್ಮು, “ಬಾರಕ್ಕ, ಬಾ” ಎಂಬ ಮಾವನ ಉಪಚಾರ. ಚಕ್ರ ತಿರುಗುತ್ತಲೇ ಇತ್ತು. ಮೊದಲು ಇದು ಬರಲಪ್ಪ ಶಿವನೇ ಎಂದು ಬೇಡಿಕೊಂಡಳು. ಬಂದರೆ ನನ್ನ ಆರ್ಡರೂ ಬರುತ್ತದಲ್ಲ ಎಂದು ಮರುಕ್ಷಣವೇ ಬೆವರಿದಳು. ಬಂದರೆ ಒಂದು ಕಷ್ಟ, ಬಾರದಿದ್ದರೆ ಇನ್ನೊಂದು. ಏನೆಂದು ಬೇಡಿಕೊಳ್ಳಬೇಕೋ ತಿಳಿಯದೆ ಸುಮ್ಮನೆ ಕೂತಳು. ಯಾರಾದರೂ ಕೇಳಿದರೆ, ಒಂದು ಎನ್ನುವುದು ಕಂಪ್ಯೂಟರಿಗೇ ಮೀಸಲು, ಮನುಷ್ಯರದು ಎರಡರಿಂದ ಶುರು ಎಂದು ಹೇಳಿಬಿಡೋಣ ಎಂದುಕೊಂಡಳು. ಸುಳ್ಳು ಚೆನ್ನಾಗಿಯೇ ಇತ್ತು.

“ಸೌಮ್ಯಾ, ಲ್ಯಾಪ್‌ಟಾಪ್ ತಗೊಂಡು ಬಾರೇ, ಹೊತ್ತಾಗ್ತಿದೆ” ಎಂದು ಬಸವಕುಮಾರ ಮೆಟ್ಟಿಲ ಬುಡದಿಂದ ಕೂಗಿದ. ಅಷ್ಟರಲ್ಲಿ ಚಕ್ರ ನಿಂತಿತು. ಅಂಗಡಿ ಬಂತು. ಕರಡಿಗೆಗಳು ಕಿಟಕಿಯ ಬೆಳಕಿನಲ್ಲಿ ಹೊಳೆಯುತ್ತ ಒಂದೊಂದಾಗಿ ಮೂಡಿದವು. ಒಳಗೆ ಹೋಗಿ ಆರ್ಡರು ನೋಡುವಷ್ಟೂ ಹೊತ್ತಿರಲಿಲ್ಲ. ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಇಳಿದಳು.

ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಅದನ್ನಿಡಲು ಹಸಿರು ವಸ್ತ್ರ ಹಾಸಿದ್ದರು. ರೇವಣಸಿದ್ದಯ್ಯನವರು ಅದರ ಮುಚ್ಚಳಕ್ಕೆ ಮೂರು ಬೆರಳಿನಲ್ಲಿ ವಿಭೂತಿ ಎಳೆದು, ಹೂವಿಟ್ಟು, ಕೈ ಮುಗಿದರು. ಜಗದಾಂಬಮ್ಮ ಕುರ್ಚಿಯ ತುದಿಯಲ್ಲಿ ಕೂತಿದ್ದರು. ರೇಷ್ಮೆ ಸೀರೆ, ಹಣೆತುಂಬ ವಿಭೂತಿ, ಕೈಯಲ್ಲಿ ಮೊಮ್ಮಗ ಕೊಡಿಸಿದ ಮೊಬೈಲು. ಸೌಮ್ಯಶ್ರೀ ಅವರ ಪಕ್ಕದಲ್ಲಿ ಮಂಡಿಯೂರಿ, ಎಲ್ಲಿ ಒತ್ತಬೇಕೆಂದು ತೋರಿಸಿದಳು. ಒಂದು ಚಿಕ್ಕ ಕರಡಿಗೆ ಆರಿಸಿದರು. ವಿಳಾಸ ತುಂಬಿದ್ದಾಯಿತು. ದುಡ್ಡು ಕಟ್ಟುವಾಗ ಪಿನ್ ನಂಬರು ತಪ್ಪಿದರು. ಇನ್ನೊಮ್ಮೆಯೂ ತಪ್ಪಿದರು. ಕನ್ನಡಕ ಒರೆಸಿಕೊಂಡರು.

“ಯಮಗಂಡ ಹತ್ತುತ್ತೆ ಅಕ್ಕ, ಬೇಗ” ಎಂದರು ರೇವಣಸಿದ್ದಯ್ಯನವರು.

“ಅವಸರ ಮಾಡ್ಬೇಡ ಕಣೋ, ಗಾಬರಿಯಾಗುತ್ತೆ” ಎಂದು ಜಗದಾಂಬಮ್ಮ ಮೂರನೇ ಸಲ ಒತ್ತಿದರು. ಮೊಬೈಲು ಕಿಣಿ ಎಂದಿತು. ಬಸವಕುಮಾರ ಚಪ್ಪಾಳೆ ತಟ್ಟಿದ. ರೇವಣಸಿದ್ದಯ್ಯನವರು ಕಣ್ಣು ಮುಚ್ಚಿ ‘ಓಂ ನಮಃ ಶಿವಾಯ’ ಎಂದರು. ಜಗದಾಂಬಮ್ಮ ಮೊಬೈಲನ್ನು ದೂರ ಹಿಡಿದು ಜೋರಾಗಿ ಓದಿದರು. “ಧನ್ಯವಾದಗಳು. ನಿಮ್ಮ ಆರ್ಡರ್ ನಂಬರ್ ಎರಡು.”

ಚಪ್ಪಾಳೆ ನಿಂತಿತು.

“ಎರಡು ಹೆಂಗಾಗುತ್ತೆ?” ಎಂದರು ರೇವಣಸಿದ್ದಯ್ಯನವರು. “ಇವತ್ತು ತಾನೆ ಶುರುವಾಗಿದ್ದು? ಒಂದು ಯಾರದ್ದು?”

ಸೌಮ್ಯಶ್ರೀಯ ಬಾಯಲ್ಲಿ ಕಂಪ್ಯೂಟರಿನ ಸುಳ್ಳು ರೆಡಿ ಇತ್ತು. ಆದರೆ ಅವರು ಆಗಲೇ ಲ್ಯಾಪ್‌ಟಾಪನ್ನು ತಮ್ಮ ಕಡೆ ತಿರುಗಿಸಿಕೊಂಡಿದ್ದರು. ಬಸವಕುಮಾರ ಹೊಸ ಆರ್ಡರು ತೋರಿಸಲೆಂದು ಆರ್ಡರುಗಳ ಪುಟವನ್ನು ಆಗಷ್ಟೇ ತೆರೆದಿದ್ದ. ಅದರಲ್ಲಿ ಎರಡು ಸಾಲು. ಮೇಲೆ ಜಗದಾಂಬಾ, ಕರಡಿಗೆ. ಕೆಳಗೆ ಸೌಮ್ಯಶ್ರೀ, ಶಿವದಾರ. ಅವರು ತುಟಿ ಅಲ್ಲಾಡಿಸುತ್ತ ಆ ಹೆಸರನ್ನು ನಿಧಾನಕ್ಕೆ ಓದಿದರು.

“ನಿನ್ನೆ ಟೆಸ್ಟ್ ಮಾಡೋಕೆ ಅಂತ ಹಾಕಿದ್ದು ಮಾವ” ಎಂದಳು. ದನಿ ತನ್ನದೇ ಎಂದು ಅವಳಿಗೇ ಅನ್ನಿಸಲಿಲ್ಲ. “ಬೋಣಿ ಅಂತ ತಲೇಲೇ ಬರ್ಲಿಲ್ಲ. ಬೆಳಿಗ್ಗೆ ಅಳಿಸೋಕೆ ನೋಡ್ದೆ, ಆಗ್ಲಿಲ್ಲ.”

ರೇವಣಸಿದ್ದಯ್ಯನವರು ಕೂಗಾಡುವ ಪೈಕಿಯವರಲ್ಲ. ಕನ್ನಡಕ ತೆಗೆದು ಮಡಿಸಿ ಜೇಬಿಗಿಟ್ಟುಕೊಂಡರು. “ಕೆಂಗೇರಿದು ಆಯ್ತು” ಎಂದರು. “ಈಗ ಇದೂ ಆಯ್ತು.”

ಅಷ್ಟು ವರ್ಷದಲ್ಲಿ ಆ ಮಾತು ಬಾಯಿಂದ ಹೊರಗೆ ಬಿದ್ದದ್ದು ಅದೇ ಮೊದಲು. ಸೌಮ್ಯಶ್ರೀಗೆ ಕಪಾಳಕ್ಕೆ ಹೊಡೆದಂತಾಯಿತು. ಕಣ್ಣಲ್ಲಿ ನೀರು ಬಂದರೆ ಅದೂ ಅಪಶಕುನವಾಗುತ್ತದೆಂದು ತುಟಿ ಕಚ್ಚಿ ನಿಂತಳು.

“ಅಪ್ಪ, ಅದು ಬರೀ ಟೆಸ್ಟು” ಎಂದ ಬಸವಕುಮಾರ. ಅಷ್ಟು ಹೇಳಿ ಮಾವಿನ ಸೊಪ್ಪಿನ ಕಡೆ ನೋಡಿದ.

“ತೆಗ್ದು ಹಾಕು. ಎಲ್ಲ ತೆಗಿ” ಎಂದರು ರೇವಣಸಿದ್ದಯ್ಯನವರು ಸೊಸೆಗೆ. “ಬೇರೆ ದಿನ ನೋಡಿ ಮೊದ್ಲಿಂದ ಮಾಡೋಣ. ಯಾರ ಕೈಲಾದ್ರೂ ಮಾಡ್ಸಣ. ಅಕ್ಕ ಇನ್ನೊಂದ್ಸಲ ಬರ್ತಾಳೆ.”

ಯಾರ ಕೈಲಾದ್ರೂ ಎಂದರೆ ಅವಳ ಕೈ ಬಿಟ್ಟು ಎಂದು ಅರ್ಥ. ಅದು ಅಲ್ಲಿದ್ದ ಎಲ್ಲರಿಗೂ ಗೊತ್ತಾಯಿತು. ಸೌಮ್ಯಶ್ರೀ ಲ್ಯಾಪ್‌ಟಾಪಿನ ಮುಂದೆ ಬಂದಳು. ಬೆಳಿಗ್ಗೆ ಗಾಬರಿಯಲ್ಲಿ ಮಾಡಿದ್ದನ್ನೇ ಈಗ ಹೇಳಿಸಿಕೊಂಡು ಮಾಡಬೇಕು. ಫೋಟೊ ತೆಗೆದದ್ದು, ಬಿಳಿ ಪುಟದೊಂದಿಗೆ ಗುದ್ದಾಡಿದ್ದು, ಒಬ್ಬಳೇ ಕೂತು ನಕ್ಕದ್ದು, ಎಲ್ಲ ಹೋಗಲಿ. ಅಂಗಡಿ ಉಳಿದು, ನಾಳೆ ವ್ಯಾಪಾರವಾಗದೆ ಹೋದರೆ ಆ ಮಾತನ್ನು ಸಾಯುವವರೆಗೂ ಹೊರಬೇಕಾಗುತ್ತದಲ್ಲ, ಅದಕ್ಕಿಂತ ಇದೇ ವಾಸಿ ಎನ್ನಿಸಿತು. ಬೆರಳನ್ನು ಮುಂದೆ ತಂದಳು.

“ತೆಗಿಬೇಡ ಕಣೇ” ಎಂದರು ಜಗದಾಂಬಮ್ಮ.

ಕುರ್ಚಿಯ ಕೈ ಹಿಡಿದು ಎದ್ದು ನಿಂತಿದ್ದರು. ತಮ್ಮನ ಕಡೆ ತಿರುಗಿದರು. “ರೇವಣ, ಕೆಂಗೇರಿ ಅಂಗಡಿಗೆ ಬೋಣಿ ಮಾಡಿದ್ದು ಯಾರು?”

“ಅದೆಲ್ಲ ಈಗ್ಯಾಕಕ್ಕ.”

“ಈಗಲ್ದೆ ಇನ್ಯಾವಾಗ. ಹೇಳು, ಯಾರು?”

ಜಗದಾಂಬಮ್ಮ ಸೌಮ್ಯಶ್ರೀಯ ಕಡೆ ನೋಡದೆ, ತಮ್ಮನ ಕಡೆಯೂ ನೋಡದೆ, ಕೈಯಲ್ಲಿದ್ದ ಮೊಬೈಲನ್ನೇ ನೋಡುತ್ತ ಹೇಳತೊಡಗಿದರು.

“ನಾನು ಮಾಡಿದ್ದು. ಅವತ್ತು ಬೆಳಕು ಹರಿಯೋ ಮುಂಚೆ ಇವ್ನೇ ಕಾರು ತಗೊಂಡು ವಿಜಯನಗರಕ್ಕೆ ಬಂದ. ಹೊಸ ಹುಡುಗಿ, ಕೈ ಹೆಂಗಿದೆಯೋ ಏನೋ, ಕುಮಾರ ಹಟ ಹಿಡಿದವ್ನೆ, ಬೇಡ ಅಂದ್ರೆ ನೊಂದ್ಕೋತಾನೆ, ನೀನು ಬಂದು ಮೊದ್ಲೇ ಒಂದು ವಿಭೂತಿ ತಗೊಂಡ್ಬಿಡಕ್ಕ ಅಂದ. ಅರ್ಧ ಶಟರ್ ಎತ್ತಿದ. ನಾನು ಬಗ್ಗಿ ಒಳಗೆ ಹೋಗಿ ದುಡ್ಡು ಕೊಟ್ಟು, ವಿಭೂತಿ ಸೆರಗಲ್ಲಿ ಕಟ್ಕೊಂಡು ಬಂದೆ. ಆಮೇಲೆ ಎಲ್ರ ಜೊತೆ ಏನೂ ಗೊತ್ತಿಲ್ದೋಳ ಹಂಗೆ ಬಂದು ಚಪ್ಪಾಳೆ ತಟ್ಟಿದೆ. ಈ ಹುಡುಗಿ ಮಾಡಿದ್ದು ಎರಡ್ನೇದು.”

ರಸ್ತೆಯಲ್ಲಿ ಬಸ್ಸೊಂದು ಬ್ರೇಕು ಹಾಕಿ ನಿಂತು, ಮತ್ತೆ ಹೊರಟಿತು.

“ಅಂಗಡಿ ಮುಚ್ಚಿದಾಗ ಇವ್ನೂ ಹೇಳ್ಲಿಲ್ಲ, ನಾನೂ ಹೇಳ್ಲಿಲ್ಲ” ಎಂದರು. “ಹೇಳಿದ್ರೆ ನನ್ನ ಹೆಸರು ಕೆಡ್ತಿತ್ತು. ಯಾರೂ ಕರೀತಿರ್ಲಿಲ್ಲ. ನಾನು ಬೋಣಿ ಮಾಡಿದ ಅಂಗಡಿಗಳು ಎಷ್ಟು ಮುಚ್ಚಿಲ್ಲ? ಚಂದ್ರಾ ಲೇಔಟ್ ಬೇಕರಿ ಎಲ್ಲಿದೆ ಈಗ? ಯಾರೂ ಅದನ್ನ ಎಣಿಸೋಕೆ ಹೋಗ್ಲಿಲ್ಲ. ಕರೆದಾಗೆಲ್ಲ ನನಗೆ ಹಿಂದಿನ ದಿನ ನಿದ್ದೆ ಬರಲ್ಲ ಕಣೋ. ಇವತ್ತೂ ಬಂದಿಲ್ಲ.”

ಬಸವಕುಮಾರ “ಅಪ್ಪ?” ಎಂದ. ಒಂದೇ ಶಬ್ದ. ರೇವಣಸಿದ್ದಯ್ಯನವರು ಮಗನ ಮುಖ ನೋಡಲಿಲ್ಲ. ಗಲ್ಲಾಪೆಟ್ಟಿಗೆಯ ಹಿಂದೆ ಕೂತು, ಅದರ ಮೇಲೆ ಬಿದ್ದಿದ್ದ ಹೂವಿನ ಎಸಳನ್ನು ಆರಿಸಿ ಆರಿಸಿ ಒಂದು ಕಡೆ ಇಡುತ್ತಿದ್ದರು.

ಸೌಮ್ಯಶ್ರೀಗೆ ಸಮಾಧಾನವಾಗಬೇಕಿತ್ತು. ಕತ್ತು ಹಿಸುಕುತ್ತಿದ್ದ ಹಗ್ಗ ಬಿಚ್ಚಿದಂತಾಗಬೇಕಿತ್ತು. ಆಗಲಿಲ್ಲ. ಮೊದಲು ಕಿವಿ ಬಿಸಿಯಾಯಿತು, ಆಮೇಲೆ ಮೈಯೆಲ್ಲ. ರಕ್ಷಾಳಿಗೆ ಮೊದಲ ಅನ್ನ ತಿನ್ನಿಸಿದ ದಿನ ನೆನಪಾಯಿತು. ಮಗು ಅವಳ ತೊಡೆಯ ಮೇಲೇ ಕೂತಿತ್ತು, ಅವಳನ್ನೇ ನೋಡಿ ಬಾಯಿ ತೆರೆದಿತ್ತು. ಬೆಳ್ಳಿ ಬಟ್ಟಲಿನ ಪಾಯಸಕ್ಕೆ ಬೆರಳದ್ದಿದವಳು ಇದ್ದಕ್ಕಿದ್ದಂತೆ ಹೆದರಿ, ಬೆರಳನ್ನು ಸೆರಗಿಗೆ ಒರೆಸಿಕೊಂಡು, ಬಟ್ಟಲನ್ನು ತನ್ನ ತಾಯಿಯ ಕಡೆ ಸರಿಸಿದ್ದಳು. ತನ್ನ ಮಗುವಿನ ಮೊದಲ ತುತ್ತು. ಅದನ್ನು ಯಾರೂ ಬೇಡವೆಂದು ಕಿತ್ತುಕೊಂಡಿರಲಿಲ್ಲ, ಇವರಿಬ್ಬರು ಮುಚ್ಚಿಟ್ಟದ್ದನ್ನು ನಂಬಿ ಅವಳೇ ಬಿಟ್ಟುಕೊಟ್ಟಿದ್ದಳು. ಆ ದಿನ ಅದೇ ಕೋಣೆಯಲ್ಲಿ ಮಾವನೂ ಇದ್ದರು. ಕಂಡಿದ್ದರು. ಒಳ್ಳೆಯದಾಯಿತು ಎಂಬಂತೆ ತಲೆಯಾಡಿಸಿದ್ದರು.

ಅಳು ಬರಲಿಲ್ಲ. ಸಿಟ್ಟು ಬಂತು. ಅಷ್ಟು ದೊಡ್ಡ ಸಿಟ್ಟು ತನ್ನೊಳಗೆ ಎಲ್ಲಿತ್ತೋ ಎಂದು ಅವಳಿಗೇ ದಿಗಿಲಾಯಿತು.

ಲ್ಯಾಪ್‌ಟಾಪನ್ನು ತನ್ನ ಕಡೆ ತಿರುಗಿಸಿಕೊಂಡಳು. ಯಾವುದನ್ನೂ ಅಳಿಸಲಿಲ್ಲ.

“ಮಾವ” ಎಂದಳು. “ಒಂದ್ನೇ ಆರ್ಡರ್ ಇನ್ನೂ ಕೊಟ್ಟಿಲ್ಲ ಅಂತ ತೋರಿಸ್ತಾ ಇದೆ. ದುಡ್ಡು ಬಂದಿದೆ. ಕೊಟ್ಬಿಡಿ.”

ಆ ಅಂಗಡಿಯಲ್ಲಿ ಬೋಣಿಯ ಸಾಮಾನನ್ನು ಎದ್ದು ನಿಂತು ಕೊಡುತ್ತಾರೆ. ರೇವಣಸಿದ್ದಯ್ಯನವರ ತಂದೆಯ ಕಾಲದಿಂದ ಬಂದದ್ದು. ಕೊಳ್ಳುವವರು ಯಾರೇ ಇರಲಿ, ಚಿಕ್ಕ ಮಗುವೇ ಇರಲಿ, ಸಾಮಾನನ್ನು ಕಣ್ಣಿಗೊತ್ತಿಕೊಂಡು ಎರಡೂ ಕೈಯಲ್ಲಿ ಕೊಡುವುದು. ರೇವಣಸಿದ್ದಯ್ಯನವರು ಅಕ್ಕನ ಮುಖ ನೋಡಿದರು. ಅಕ್ಕ ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿಕೊಂಡಿದ್ದರು. ಮಗನ ಕಡೆ ನೋಡಿದರು. ಬಸವಕುಮಾರ ಬಾಗಿಲ ಹತ್ತಿರದಿಂದ ಬಂದು ಹೆಂಡತಿಯ ಪಕ್ಕದಲ್ಲಿ ನಿಂತಿದ್ದ. ಯಮಗಂಡಕಾಲ ಹತ್ತಿ ಆಗಲೇ ಸ್ವಲ್ಪ ಹೊತ್ತಾಗಿತ್ತು.

ಅವರು ಎದ್ದರು. ಗಾಜಿನ ಕಪಾಟು ತೆರೆದು ಒಂದು ಶಿವದಾರ ತೆಗೆದರು, ಕಾಗದದಲ್ಲಿ ಸುತ್ತಿದರು. ಕಣ್ಣಿಗೊತ್ತಿಕೊಂಡರು. ಗಲ್ಲಾಪೆಟ್ಟಿಗೆಯನ್ನು ಬಳಸಿ ಈಚೆಗೆ ಬಂದು ಸೊಸೆಯ ಮುಂದೆ ಎರಡೂ ಕೈ ಚಾಚಿದರು.

ಸೌಮ್ಯಶ್ರೀ ಕೈ ಮುಂದೆ ತರಲಿಲ್ಲ.

“ತಗೊಳಮ್ಮ” ಎಂದರು.

“ಜಗದಾಂಬತ್ತೆ ಹೇಳಿದ್ರು. ನೀವು ಇನ್ನೂ ಹೇಳಿಲ್ಲ ಮಾವ” ಎಂದಳು. “ಕೆಂಗೇರಿ ಬೋಣಿ ಯಾರದ್ದು?”

ಅವರು ಪೊಟ್ಟಣದ ಕಾಗದದ ಮಡಿಕೆಯನ್ನು ಹೆಬ್ಬೆರಳಿನಿಂದ ಒತ್ತಿದರು. ಅವಳಿಗೆ ಪಾಪ ಎನ್ನಿಸಿತು. ಎನ್ನಿಸಿದರೂ ಸುಮ್ಮನೆ ನಿಂತಳು.

“ಅಕ್ಕಂದು” ಎಂದರು ರೇವಣಸಿದ್ದಯ್ಯನವರು. ಇನ್ನೊಮ್ಮೆ ಹೇಳಿದರು. “ಅಕ್ಕಂದಮ್ಮ. ನಿಂದಲ್ಲ. ನಂಗೆ ಅವತ್ತಿಂದ್ಲೂ ಗೊತ್ತಿತ್ತು.”

ಆಗ ಅವಳು ಕೈ ಚಾಚಿ ಶಿವದಾರ ತಗೊಂಡಳು.